ನಡುವೆ ನಿಂತವರು

ಶಾಂತಿಪಾಲನೆಗೆ ಭಾರತ ಕೊಟ್ಟ ಕೊಡುಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಂಕಿಗಳಿಂದ ಶುರು ಮಾಡುತ್ತಾರೆ. 1950ರ ದಶಕದಿಂದ ಈವರೆಗೆ 2 ಲಕ್ಷಕ್ಕೂ ಹೆಚ್ಚು ಭಾರತೀಯ ಸೈನಿಕರು ಮತ್ತು ಪೊಲೀಸರು ವಿಶ್ವಸಂಸ್ಥೆಯ ಪರವಾಗಿ ಪರದೇಶಗಳಲ್ಲಿ ದುಡಿದಿದ್ದಾರೆ. 160ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದಾರೆ. ಅಂಕಿಗಳೇನೋ ನಿಜ. ಆದರೆ ಎಷ್ಟು ಜನ ಹೋದರು ಎಂಬುದನ್ನಷ್ಟೇ ಅವು ಹೇಳುತ್ತವೆ. ಹೋದವರ ಕೈಯಲ್ಲಿ ಏನು ಸಾಧ್ಯವಿತ್ತು, ಏನು ಸಾಧ್ಯವಿರಲಿಲ್ಲ ಎಂಬುದನ್ನು ತಿಳಿಯಲು ಬೇರೆ ಕಡೆ ನೋಡಬೇಕು. ಈ ವಿಷಯ ಓದುತ್ತ ಹೋದಂತೆ ನಾನು ಮತ್ತೆ ಮತ್ತೆ ಮರಳುವುದು 1953ರ ಕೊರಿಯಾಕ್ಕೆ.

ವಿಚಿತ್ರವೆಂದರೆ, ಆ ಕಾರ್ಯಾಚರಣೆ ವಿಶ್ವಸಂಸ್ಥೆಯ ಶಾಂತಿಪಾಲನಾ ಪಟ್ಟಿಯಲ್ಲೇ ಇಲ್ಲ. ಕಾರಣ ಸರಳ. ಕೊರಿಯಾ ಯುದ್ಧದಲ್ಲಿ ವಿಶ್ವಸಂಸ್ಥೆಯ ಹೆಸರಿನ ಸೇನೆಯೇ ಒಂದು ಕಕ್ಷಿಯಾಗಿತ್ತು. ನಡುವೆ ನಿಲ್ಲಲು ಮೂರನೆಯವರೇ ಬೇಕಾಗಿದ್ದರು.

ಯುದ್ಧ ಶುರುವಾದದ್ದು 1950ರ ಜೂನ್‌ನಲ್ಲಿ. ಮರುವರ್ಷವೇ ಸಂಧಾನ ಆರಂಭವಾದರೂ ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು. ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆಯನ್ನು ಕಟ್ಟಿಹಾಕಿದ್ದು ಯುದ್ಧಕೈದಿಗಳ ಪ್ರಶ್ನೆ. ಯುದ್ಧ ಮುಗಿದ ಕೂಡಲೇ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸಬೇಕೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಆದರೆ ದಕ್ಷಿಣದ ಶಿಬಿರಗಳಲ್ಲಿದ್ದ ಸಾವಿರಾರು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ‘ನಾವು ವಾಪಸು ಹೋಗುವುದಿಲ್ಲ’ ಎಂದರು. ಅವರಲ್ಲಿ ಎಷ್ಟು ಮಂದಿ ಮನಸಾರೆ ಹಾಗೆ ಹೇಳುತ್ತಿದ್ದರು, ಎಷ್ಟು ಮಂದಿ ಶಿಬಿರದೊಳಗಿನ ಮುಖಂಡರ ದೊಣ್ಣೆಗೆ ಹೆದರಿ ಹೇಳುತ್ತಿದ್ದರು? ಉತ್ತರ ಬೇಲಿಯ ಹೊರಗಿದ್ದವರಿಗೆ ಸಿಗುವಂತಿರಲಿಲ್ಲ.

1952ರಲ್ಲಿ ವಿ. ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮುಂದಿಟ್ಟ ಸಲಹೆ ಈ ಬಿಕ್ಕಟ್ಟಿಗೆ ದಾರಿ ತೋರಿಸಿತು. ತಟಸ್ಥ ರಾಷ್ಟ್ರಗಳ ಆಯೋಗವೊಂದು ಕೈದಿಗಳನ್ನು ವಶಕ್ಕೆ ಪಡೆಯಬೇಕು. ಅವರವರ ದೇಶದ ಪ್ರತಿನಿಧಿಗಳು ಬಂದು 90 ದಿನಗಳೊಳಗೆ ಕೈದಿಗಳಿಗೆ ವಿಷಯ ವಿವರಿಸಬೇಕು. ಆಮೇಲೆ ತೀರ್ಮಾನ ಕೈದಿಯದು. ಕೊನೆಗೆ ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಮತ್ತು ಭಾರತ, ಈ ಐದು ರಾಷ್ಟ್ರಗಳ ಆಯೋಗ ಏರ್ಪಟ್ಟಿತು; ಅದರ ಅಧ್ಯಕ್ಷತೆಯೂ ಕಾವಲಿನ ಹೊಣೆಯೂ ಭಾರತದ ಪಾಲಿಗೆ ಬಂದವು.

ಅಧ್ಯಕ್ಷರಾಗಿ ಹೋದವರು ಕೊಡಗಿನ ಕೆ. ಎಸ್. ತಿಮ್ಮಯ್ಯ. ಕಾವಲು ಪಡೆಯ ಮುಖ್ಯಸ್ಥರು ಮೇಜರ್ ಜನರಲ್ ಎಸ್. ಪಿ. ಪಿ. ಥೋರಟ್. ಸುಮಾರು 6,000 ಸೈನಿಕರ ಪಡೆ ಹಡಗಿನಲ್ಲಿ ಇಂಚೊನ್ ತಲುಪಿತು. ಆದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತೀಯ ಸೈನಿಕರು ತನ್ನ ನೆಲಕ್ಕೆ ಕಾಲಿಡಕೂಡದು ಎಂದು ಹಟ ಹಿಡಿದರು. ಹಾಗಾಗಿ ಅವರನ್ನು ಹೆಲಿಕಾಪ್ಟರ್‌ಗಳಲ್ಲಿ ಎತ್ತಿಕೊಂಡು ಹೋಗಿ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಅವರ ಬಿಡಾರಕ್ಕೆ ‘ಹಿಂದ್ ನಗರ್’ ಎಂದು ಹೆಸರಾಯಿತು. ಕಾಯಲು ಬಂದವರನ್ನು ಬಾಗಿಲಲ್ಲೇ ತಡೆಯುವ ಆತಿಥ್ಯ ಅದು.

ಅವರ ವಶಕ್ಕೆ ಬಂದವರು ದಕ್ಷಿಣದ ಕಡೆಯಿಂದ 22,604 ಕೈದಿಗಳು, ಉತ್ತರದ ಕಡೆಯಿಂದ 359. ಈ 359 ಜನರಲ್ಲಿ ಹೆಚ್ಚಿನವರು ದಕ್ಷಿಣ ಕೊರಿಯಾದವರು. 23 ಅಮೆರಿಕನ್ನರೂ ಒಬ್ಬ ಬ್ರಿಟಿಷನೂ ಇದ್ದರು. ದೊಡ್ಡ ಗುಂಪಿನ ಕೈದಿಗಳ ಕಣ್ಣಿಗೆ ಭಾರತೀಯರು ತಮ್ಮನ್ನು ಕಮ್ಯುನಿಸ್ಟರಿಗೆ ಒಪ್ಪಿಸಲು ಬಂದವರು. ಸೆಪ್ಟೆಂಬರ್ ಕೊನೆಯ ವಾರ ಅವರು ಭಾರತೀಯ ಮೇಜರ್ ಒಬ್ಬರನ್ನು ಆವರಣದೊಳಗೆ ಎಳೆದುಕೊಂಡು ಹೋದರು. ಥೋರಟ್ ಪಡೆ ನುಗ್ಗಿಸಲಿಲ್ಲ. ತಾವೇ ಆ ಉದ್ರಿಕ್ತ ಗುಂಪಿನ ನಡುವೆ ಹೋಗಿ, ಮಾತಾಡಿ, ಅಧಿಕಾರಿಯನ್ನು ಬಿಡಿಸಿಕೊಂಡು ಬಂದರು. ಸೈನಿಕ ಇತಿಹಾಸಗಳು ಮೆಚ್ಚಿ ಬರೆಯುವ ಪ್ರಸಂಗವಿದು. ಅದರ ಬೆನ್ನಿಗೇ ಅಕ್ಟೋಬರ್ ಮೊದಲಲ್ಲಿ ಗಲಭೆ ಕೈಮೀರಿದಾಗ ಇದೇ ಕಾವಲಿನವರು ಗುಂಡು ಹಾರಿಸಿದರು, ಕೈದಿಗಳು ಸತ್ತರು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಚರಿತ್ರೆಯಾಗುವುದಿಲ್ಲ.

ನಿಜವಾದ ಇಕ್ಕಟ್ಟು ಬಂದದ್ದು ಆಮೇಲೆ. ಕೈದಿಗಳು ವಿವರಣೆಯ ಡೇರೆಗೆ ಬರಲು ಒಪ್ಪಲಿಲ್ಲ. ಬಲವಂತವಾಗಿ ಎಳೆದು ತಂದರೆ ರಕ್ತಪಾತ ಖಂಡಿತ. ತರದಿದ್ದರೆ ಆಯೋಗ ಹುಟ್ಟಿದ ಉದ್ದೇಶವೇ ವ್ಯರ್ಥ. ಬಲಪ್ರಯೋಗಕ್ಕೆ ಸ್ವಿಸ್ ಮತ್ತು ಸ್ವೀಡಿಷ್ ಸದಸ್ಯರ ವಿರೋಧವಿತ್ತು. ಪೋಲೆಂಡ್ ಮತ್ತು ಜೆಕ್ ಸದಸ್ಯರು ಕೈದಿಗಳ ಮುಖಂಡರನ್ನು ಬೇರ್ಪಡಿಸಿ ಎನ್ನುತ್ತಿದ್ದರು. ತಿಮ್ಮಯ್ಯ ರಕ್ತಪಾತದ ದಾರಿ ಹಿಡಿಯಲಿಲ್ಲ. 90 ದಿನಗಳಲ್ಲಿ ವಿವರಣೆ ನಡೆದದ್ದು ಕೇವಲ 10 ದಿನ. ಉಳಿದವರ ಭವಿಷ್ಯ ನಿರ್ಧರಿಸಬೇಕಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಕೈದಿಗಳನ್ನು ಬಿಡುವ ಅಧಿಕಾರ ತನಗಿಲ್ಲ, ಇಟ್ಟುಕೊಳ್ಳುವ ಅಧಿಕಾರವೂ ಮುಗಿಯಿತು ಎಂಬ ನಿಲುವು ತಳೆದ ಭಾರತ 1954ರ ಜನವರಿಯಲ್ಲಿ ಅವರನ್ನು ಹಿಂದೆ ಯಾರು ಹಿಡಿದಿದ್ದರೋ ಅವರಿಗೇ ಒಪ್ಪಿಸಿತು. ಚೀನಾ ಸಿಟ್ಟಾಯಿತು, ಸಿಂಗ್‌ಮನ್ ರೀ ಸಮಾಧಾನಗೊಳ್ಳಲಿಲ್ಲ. ಎರಡೂ ಕಡೆಗೆ ಬೇಡವೆಂದ 88 ಜನ ಮಾತ್ರ ಭಾರತೀಯ ಪಡೆಯ ಜೊತೆ ಮದ್ರಾಸಿನ ಹಡಗು ಹತ್ತಿದರು. ಅವರಲ್ಲಿ ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ಕೆಲವರು ಭಾರತದಲ್ಲೇ ಉಳಿದರು.

ಇದು ಗೆಲುವೋ ಸೋಲೋ? 22,000 ಜನರ ರೊಚ್ಚಿಗೆದ್ದ ಶಿಬಿರ ಹತ್ಯಾಕಾಂಡವಾಗಿ ಕೊನೆಗೊಳ್ಳಲಿಲ್ಲ, ಕದನವಿರಾಮ ಮುರಿಯಲಿಲ್ಲ. ಅದು ದೊಡ್ಡ ಮಾತು. ಹಾಗೆಯೇ, ಕೈದಿಯೊಬ್ಬನಿಗೆ ಹೆದರಿಕೆಯಿಲ್ಲದೆ ತನ್ನ ಮನಸ್ಸು ಹೇಳಿಕೊಳ್ಳುವ ಜಾಗ ಒದಗಿಸುವುದು ಆ ಕೆಲಸದ ತಿರುಳಾಗಿತ್ತು. ಹೆಚ್ಚಿನವರಿಗೆ ಆ ಜಾಗ ಸಿಗಲೇ ಇಲ್ಲ. ನನ್ನ ಓದಿನಲ್ಲಿ ಶಾಂತಿಪಾಲನೆಯ ಸ್ವಭಾವ ಇರುವುದೇ ಇಲ್ಲಿ. ಅದು ಕೇಡನ್ನು ತಡೆಹಿಡಿಯಬಲ್ಲದು, ನ್ಯಾಯ ಕೊಡಿಸಲಾರದು. ನ್ಯಾಯ ಕೊಡಿಸಬೇಕಾದವರು ಬೇರೆ ಮೇಜಿನ ಸುತ್ತ ಕೂರಬೇಕು.

ಈ ಮಿತಿ ಮುಂದೆಯೂ ಕಾಣಿಸಿತು. 1956ರಿಂದ ಗಾಜಾದಲ್ಲಿದ್ದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತೀಯರಿದ್ದರು. 1967ರ ಮೇ ತಿಂಗಳಲ್ಲಿ ಈಜಿಪ್ಟ್ ಹೊರಡಿ ಎಂದಾಗ ಪಡೆ ಹೊರಡಲೇಬೇಕಾಯಿತು. ಹೊರಡುವಷ್ಟರಲ್ಲಿ ಜೂನ್ ಯುದ್ಧ ಶುರುವಾಗಿ ಭಾರತೀಯ ಸೈನಿಕರೂ ಸತ್ತರು. ಕಾಂಗೋದಲ್ಲಿ ಮಾತ್ರ ಕೊನೆಯ ಉಪಾಯವಾಗಿ ಬಲ ಬಳಸಲು ಭದ್ರತಾ ಮಂಡಳಿ 1961ರಲ್ಲಿ ಅನುಮತಿ ಕೊಟ್ಟಿತು. ಅದೇ ವರ್ಷ ಡಿಸೆಂಬರ್ 5ರಂದು ಅಲ್ಲಿ ಮಡಿದ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಬಂದಿತು. ನಾವು ಹೆಚ್ಚು ನೆನೆಯುವುದು ಈ ಹೋರಾಟವನ್ನೇ. ಲೈಬೀರಿಯಾದ ಬೀದಿಗಳಲ್ಲಿ 2007ರಿಂದ 2016ರವರೆಗೆ ಗಸ್ತು ತಿರುಗಿದ ಭಾರತದ ಮಹಿಳಾ ಪೊಲೀಸ್ ತುಕಡಿಯನ್ನು ಅಷ್ಟಾಗಿ ನೆನೆಯುವುದಿಲ್ಲ. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಬರೀ ಮಹಿಳೆಯರದೇ ಆದ ಮೊದಲ ಪೊಲೀಸ್ ತುಕಡಿ ಅದು. ಅಂತರ್ಯುದ್ಧದಿಂದ ಆಗಷ್ಟೇ ಹೊರಬಂದ ದೇಶದಲ್ಲಿ ಒಂದು ರಾತ್ರಿ ಏನೂ ಆಗದೆ ಬೆಳಗಾಯಿತೆಂದರೆ ಅದಕ್ಕೆ ಪದಕವಿಲ್ಲ, ಪತ್ರಿಕೆಯ ಮುಖಪುಟವೂ ಇಲ್ಲ.

ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ಮೇಲೂ ಇದೇ ಕೆಲಸಕ್ಕೆ ಮರಳಿದರು. 1964ರ ಜುಲೈನಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಯ ನಾಯಕತ್ವ ವಹಿಸಿಕೊಂಡರು. ಅಲ್ಲೂ ಗ್ರೀಕರು ಮತ್ತು ತುರ್ಕರ ನಡುವೆ ನಿಲ್ಲುವುದೇ ಕೆಲಸ. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿದ್ದಾಗಲೇ, ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ.

ಸೈಪ್ರಸ್ ಇವತ್ತಿಗೂ ಇಬ್ಭಾಗವಾಗಿಯೇ ಇದೆ. ವಿಶ್ವಸಂಸ್ಥೆಯ ಪಡೆ ಇನ್ನೂ ಅಲ್ಲಿಯೇ ಇದೆ. ಕೊರಿಯಾದಲ್ಲೂ 1953ರ ಕದನವಿರಾಮ ಶಾಂತಿ ಒಪ್ಪಂದವಾಗಿಲ್ಲ. ಎರಡು ಕಡೆಯೂ ಜಗಳ ತೀರಿಲ್ಲ. ಆದರೆ ಆ ಗೆರೆಗಳ ಆಚೀಚೆ ಇಷ್ಟು ವರ್ಷಗಳಲ್ಲಿ ಮಕ್ಕಳು ಹುಟ್ಟಿ, ಬೆಳೆದು, ಮುದುಕರಾಗಿದ್ದಾರೆ. ನಡುವೆ ನಿಂತವರ ಲೆಕ್ಕ ಬರೆಯುವಾಗ ಈ ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಕು.