‘ಅರಳುಮರಳು’: ಪದದ ಅರ್ಥ ಹಾಗೂ ಅರ್ಜಿಗಳಲ್ಲಿ ಅದರ ಬಳಕೆ

ಹಿರಿಯ ನಾಗರಿಕರ ಪರವಾಗಿ ಕುಟುಂಬದವರು ಸಲ್ಲಿಸುವ ಅರ್ಜಿಗಳಲ್ಲಿ “ನಮ್ಮ ತಂದೆಯವರಿಗೆ ಅರಳುಮರಳು ಆಗಿರುತ್ತದೆ” ಎಂಬ ಒಕ್ಕಣೆ ಆಗಾಗ್ಗೆ ಕಂಡುಬರುತ್ತದೆ. ಈ ಪದದ ಅರ್ಥವೇನು, ಅರ್ಜಿಯಲ್ಲಿ ಅದರ ಬದಲಿಗೆ ಏನನ್ನು ನಮೂದಿಸತಕ್ಕದ್ದು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ವೃದ್ಧಾಪ್ಯದಲ್ಲಿ ನೆನಪು ಕುಂದುವುದು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ಹೊತ್ತುಗೊತ್ತು ತಿಳಿಯದಿರುವುದು, ಮಗುವಿನಂತೆ ಹಟ ಹಿಡಿಯುವುದು, ಇವೆಲ್ಲವನ್ನೂ ಆಡುಮಾತಿನಲ್ಲಿ ಅರಳುಮರಳು ಎನ್ನುತ್ತಾರೆ. ‘ಅರಳುಮರುಳು’ ಎಂಬ ರೂಪವೂ ಬಳಕೆಯಲ್ಲಿದ್ದು, ಮರುಳು ಎಂದರೆ ಭ್ರಾಂತಿ ಅಥವಾ ಹುಚ್ಚು ಎಂದರ್ಥ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಸರ್ವವಿದಿತ. ಗಾದೆಯನ್ನು ಅಕ್ಷರಶಃ ಪಾಲಿಸುವುದಾದರೆ ರಾಜ್ಯ ಸರ್ಕಾರಿ ನೌಕರರೆಲ್ಲರೂ ನಿವೃತ್ತಿಯ ವಯಸ್ಸಿನಲ್ಲೇ ಅರಳುಮರಳಿಗೆ ಒಳಗಾಗಬೇಕಾಗುತ್ತದೆ! 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದ.ರಾ. ಬೇಂದ್ರೆಯವರ ಕವನ ಸಂಗ್ರಹದ ಹೆಸರೂ ‘ಅರಳು ಮರಳು’. ಅಲ್ಲಿ ಅರಳುವುದು, ಮರಳಿ ಬರುವುದು ಎಂಬ ಅರ್ಥಗಳೂ ಧ್ವನಿಸುತ್ತವೆ.

ವೈದ್ಯಕೀಯವಾಗಿ ಈ ಸ್ಥಿತಿಗೆ ಹತ್ತಿರವಾದ ಪದ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಆಲ್ಝೈಮರ್ ಕಾಯಿಲೆಯು ಇದರ ಪ್ರಮುಖ ಕಾರಣ. ಆದರೆ ಮನೆಯವರು ಅರಳುಮರಳು ಎಂದು ಭಾವಿಸಿದ ಎಲ್ಲವೂ ಡಿಮೆನ್ಷಿಯಾ ಆಗಿರುವುದಿಲ್ಲ. ಥೈರಾಯ್ಡ್ ಕೊರತೆ, ವಿಟಮಿನ್ ಬಿ-12 ಕೊರತೆ, ಖಿನ್ನತೆ ಮುಂತಾದ ಚಿಕಿತ್ಸೆಗೆ ಸ್ಪಂದಿಸುವ ಕಾರಣಗಳಿಂದಲೂ ಮರೆವು ಉಂಟಾಗಬಹುದು. ಮೂತ್ರದ ಸೋಂಕಿನಿಂದ ವೃದ್ಧರಲ್ಲಿ ಹಠಾತ್ ಗೊಂದಲ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಅರ್ಜಿಗಿಂತ ಮೊದಲು ವೈದ್ಯರ ತಪಾಸಣೆ ಅಗತ್ಯ. ‘ಬುದ್ಧಿಮಾಂದ್ಯ’ ಎಂಬ ಪದವನ್ನು ಕೆಲವರು ಇದೇ ಅರ್ಥದಲ್ಲಿ ಬರೆಯುವುದು ತಪ್ಪು. ಅದು ಬಾಲ್ಯದಿಂದಲೇ ಇರುವ ಬೇರೊಂದು ಸ್ಥಿತಿಗೆ ಸಂಬಂಧಿಸಿದ್ದು.

ಕಾನೂನಿನ ದೃಷ್ಟಿಯಿಂದ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಅರಳುಮರಳು ಎಂಬುದು ಯಾವುದೇ ಅಧಿನಿಯಮದಲ್ಲಿರುವ ಪದವಲ್ಲ. ಆದರೂ ಮಗನೇ ಬರೆದು ಸಹಿ ಮಾಡಿದ ಆ ಒಂದು ವಾಕ್ಯವನ್ನು, ಮುಂದೆ ತಂದೆಯವರ ಉಯಿಲಿನ ಬಗ್ಗೆ ತಕರಾರು ಉಂಟಾದಲ್ಲಿ, ಎದುರುದಾರರು ನ್ಯಾಯಾಲಯಕ್ಕೆ ಹಾಜರುಪಡಿಸಬಹುದು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 3(5)ನೇ ಪ್ರಕರಣದನ್ವಯ, ಮಾನಸಿಕ ಅಸ್ವಸ್ಥತೆ ಇದೆಯೆಂದು ನಿರ್ಧರಿಸಿದ ಮಾತ್ರಕ್ಕೆ, ಸಕ್ಷಮ ನ್ಯಾಯಾಲಯವು ಘೋಷಿಸದ ಹೊರತು, ವ್ಯಕ್ತಿಯು ಅಸ್ವಸ್ಥಚಿತ್ತನೆಂದು ಪರಿಗಣಿಸುವಂತಿಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 12ನೇ ಪ್ರಕರಣದ ಪ್ರಕಾರ, ಸಾಮಾನ್ಯವಾಗಿ ಅಸ್ವಸ್ಥಚಿತ್ತನಾಗಿದ್ದವನೂ ಸ್ವಸ್ಥಚಿತ್ತದಲ್ಲಿರುವಾಗ ಕರಾರು ಮಾಡಿಕೊಳ್ಳಬಹುದು. ಹೀಗಿರುವಾಗ ಕುಟುಂಬದವರೇ ಒಂದು ಆಡುಮಾತಿನಿಂದ ಹಿರಿಯರ ಹಕ್ಕನ್ನು ಸಂಶಯಕ್ಕೆ ಒಳಪಡಿಸುವುದು ಸೂಕ್ತವಲ್ಲ.

ಅಧಿಕಾರ ಪತ್ರದ (ಜಿ.ಪಿ.ಎ.) ವಿಷಯದಲ್ಲಿ ಬಹುಮಂದಿಗೆ ತಿಳಿಯದ ಅಂಶವೊಂದಿದೆ. ಅದನ್ನು ಬರೆದುಕೊಟ್ಟವರು ಅಸ್ವಸ್ಥಚಿತ್ತರಾದಲ್ಲಿ, ಅದೇ ಕರಾರು ಅಧಿನಿಯಮದ 201ನೇ ಪ್ರಕರಣದನ್ವಯ, ಪ್ರತಿನಿಧಿಯ ಅಧಿಕಾರ ಕೊನೆಗೊಳ್ಳುತ್ತದೆ. ಅಂದರೆ ಅತ್ಯಂತ ಅಗತ್ಯವಿರುವ ಕಾಲಕ್ಕೇ ಅದು ಒದಗದೆ ಹೋಗಬಹುದು. ಉಯಿಲು, ಬ್ಯಾಂಕ್ ಖಾತೆಯ ನಾಮನಿರ್ದೇಶನ ಮುಂತಾದವುಗಳನ್ನು ಹಿರಿಯರಿಗೆ ಪೂರ್ಣ ತಿಳಿವು ಇರುವಾಗಲೇ ಮಾಡಿಸಿಕೊಳ್ಳುವುದು ಮೇಲು.

ಅರ್ಜಿಯಲ್ಲಿ ಕಂಡ ಸಂಗತಿಯನ್ನಷ್ಟೇ ಬರೆಯತಕ್ಕದ್ದು. ಉದಾಹರಣೆಗೆ: “ಅರ್ಜಿದಾರರಿಗೆ 78 ವರ್ಷ. ಮರೆವಿನ ಕಾರಣ ಕಚೇರಿಗೆ ಒಬ್ಬರೇ ಬಂದು ಹೋಗಲು ಕಷ್ಟವಾಗಿರುತ್ತದೆ. ವೈದ್ಯರ ಪ್ರಮಾಣಪತ್ರ ಲಗತ್ತಿಸಿದೆ.” ಪ್ರಮಾಣಪತ್ರದಲ್ಲಿ ತಪಾಸಣೆಯ ದಿನಾಂಕ, ಕಾಯಿಲೆಯ ಹೆಸರು ಹಾಗೂ ಅವರು ಯಾವ ವಿಷಯಗಳನ್ನು ಸ್ವತಃ ತೀರ್ಮಾನಿಸಬಲ್ಲರು ಎಂಬ ವಿವರವಿದ್ದಲ್ಲಿ ಅನುಕೂಲ. ಸಹಿ ಮಾಡಲು ಕೈ ನಡುಗುವವರು ಹೆಬ್ಬೆಟ್ಟಿನ ಗುರುತು ಹಾಕಬಹುದು; ಅದಕ್ಕೂ ಬುದ್ಧಿಯ ಸ್ಥಿತಿಗೂ ಸಂಬಂಧವಿಲ್ಲ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರಡಿ ಜೀವನಾಂಶ ಕೋರುವ ಹಿರಿಯರು ಅಶಕ್ತರಾಗಿದ್ದಲ್ಲಿ, ಅವರಿಂದ ಅಧಿಕಾರ ಪಡೆದ ವ್ಯಕ್ತಿ ಅಥವಾ ಸಂಸ್ಥೆಯು ಅರ್ಜಿ ಸಲ್ಲಿಸಬಹುದು. ಅಧಿಕಾರ ನೀಡುವ ಸ್ಥಿತಿಯಲ್ಲೂ ಅವರಿಲ್ಲದಿದ್ದರೆ ನ್ಯಾಯಮಂಡಳಿಯು ಸ್ವಯಂಪ್ರೇರಿತವಾಗಿ ಕ್ರಮ ಕೈಗೊಳ್ಳಲು 5ನೇ ಪ್ರಕರಣದಲ್ಲಿ ಅವಕಾಶವಿದೆ. ಅಂತಹ ಸಂದರ್ಭದಲ್ಲಿ ಉಪವಿಭಾಗಾಧಿಕಾರಿಯವರ ಕಚೇರಿಗೆ ಲಿಖಿತವಾಗಿ ತಿಳಿಸಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಸಂಖ್ಯೆ: 14567.