ಹಿತ್ತಲ ಕೊಳ (ಕಲಬುರಗಿ ಸೀಮೆ)

ಮನೆಯ ಹಿತ್ತಲಲ್ಲಿ ನೀರುಗಿಡ, ಮೀನು ಸಾಕಲು ಕಟ್ಟಿಕೊಳ್ಳುವ ಸಣ್ಣ ಕೊಳ. ಕಲಬುರಗಿ ಕಡೆ ಕಟ್ಟಿದ ನೀರಿನ ತೊಟ್ಟಿಗೆ ‘ಹೌದ’ ಎನ್ನುವ ರೂಢಿಯಿದೆ. ಅರಬಿಯ ‘ಹೌಜ್’ ಇದರ ಮೂಲ. 1347ರಲ್ಲಿ ಇಲ್ಲಿ ರಾಜಧಾನಿ ಹೂಡಿದ ಬಹಮನಿಗಳು ಮುಂದೆ ಬೀದರಿಗೆ ಹೋದರು. ಅಲ್ಲಿನ ಕೋಟೆಯ ಲಾಲ್‌ಬಾಗ್‌ನಲ್ಲಿ ತೋಟದ ನಡುವೆ ಹೌದ, ಅದಕ್ಕೆ ನೀರುಗಾಲುವೆ ಈಗಲೂ ಕಾಣುತ್ತವೆ. ಮನೆಯ ಕೊಳಕ್ಕೆ ಆ ವೈಭವ ಬೇಕಿಲ್ಲ, ಆದರೆ ಈ ಸೀಮೆಯ ಮಣ್ಣು ಮತ್ತು ಬಿಸಿಲು ಯಾರನ್ನೂ ಬಿಡುವುದಿಲ್ಲ.

ನೆಲ: ಕರಿ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲೆ ನೇರವಾಗಿ ಕಟ್ಟಿದ ಸಿಮೆಂಟಿನ ತೊಟ್ಟಿ ಒಂದೆರಡು ಬೇಸಿಗೆಯಲ್ಲೇ ಸೀಳಬಹುದು. ಬೇಕಾದ ಆಳಕ್ಕಿಂತ ಹೆಚ್ಚು ಅಗೆದು ಎರೆಮಣ್ಣು ತೆಗೆದು, ಮೊರಂ ಎನ್ನುವ ಗರಸು ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಹೊಡೆದು ದಮ್ಮಸು ಮಾಡಿದ ಮೇಲೆಯೇ ಕಬ್ಬಿಣ ಕಟ್ಟಿದ ಕಾಂಕ್ರೀಟ್ ಹಾಕಬೇಕು. ಇನ್ನೊಂದು ದಾರಿ ದಪ್ಪ ಪ್ಲಾಸ್ಟಿಕ್ ಹಾಳೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡಗಳಿಂದ ರೈತರಿಗೆ ಇದು ಪರಿಚಿತ. ಹಾಳೆ ಮಣ್ಣಿನೊಡನೆ ತುಸು ಅಲುಗಾಡಿದರೂ ಹರಿಯದ ಕಾರಣ ಎರೆನೆಲಕ್ಕೆ ಅದೇ ಮೇಲು. ಅಂಚಿಗೆ ಶಹಾಬಾದ್ ಪರಸಿ ಹೊದಿಸಿದರೆ ಬಿಸಿಲು ತಗುಲಿ ಹಾಳೆ ಕೆಡುವುದಿಲ್ಲ.

ಆಳ ಮೂರು ಅಡಿಯಾದರೂ ಇರಲಿ. ತೆಳು ನೀರು ಮೇ ತಿಂಗಳ ಮಧ್ಯಾಹ್ನ ಕುದಿ ಬಂದಂತೆ ಕಾಯುತ್ತದೆ, ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಒಂದು ಬದಿಗೆ ಗಿಡದ ಕುಂಡ ಇಡಲು ಮುಕ್ಕಾಲು ಅಡಿ ಆಳದ ಮೆಟ್ಟಿಲು ಬಿಡಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜಾಲರಿ ಇಲ್ಲದೆ ಕೊಳವೇ ಬೇಡ. ಹೊಸ ಸಿಮೆಂಟಿನ ಸುಣ್ಣದ ಅಂಶ ನೀರಿಗೆ ಇಳಿದು ಮೀನನ್ನು ಕೊಲ್ಲುವುದರಿಂದ ಎರಡು ಮೂರು ವಾರ ನೀರು ತುಂಬಿಸಿ, ಆಗಾಗ ಚೆಲ್ಲಿ, ಹೊಸ ನೀರು ಹಾಕುತ್ತಿರಬೇಕು.

ನೀರು: ಆರು ಚದರ ಮೀಟರ್ ಹರವಿನ ಕೊಳದಲ್ಲಿ ಒಂದು ಸೆಂಟಿಮೀಟರ್ ಆರಿದರೆ 60 ಲೀಟರ್ ಹೋಯಿತೆಂದು ಲೆಕ್ಕ, ಕಡುಬೇಸಿಗೆಯಲ್ಲಿ ಅಷ್ಟು ಒಂದೇ ದಿನದಲ್ಲಿ ಆರಬಲ್ಲದು. ಆರುವುದು ನೀರು ಮಾತ್ರ, ಅದರ ಉಪ್ಪು ಅಲ್ಲೇ ಉಳಿಯುತ್ತದೆ. ಬೋರಿನ ಗಡಸು ನೀರನ್ನೇ ಸುರಿಯುತ್ತ ಹೋದರೆ ಪರಸಿಯ ಮೇಲೆ ಬಿಳಿ ಗೆರೆ ಏರುತ್ತದೆ, ಗಿಡ ಸೊರಗುತ್ತದೆ. ಇದನ್ನು ಗಮನಿಸದವರು ಗಿಡಕ್ಕೆ ರೋಗವೆಂದು ಔಷಧಿ ಹುಡುಕುತ್ತಾರೆ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಕೊಳಕ್ಕೆ ಬಿಟ್ಟು, ಹೆಚ್ಚಾದದ್ದು ಹರಿದುಹೋಗಲು ಕೊಳವೆ ಇಟ್ಟರೆ ಉಪ್ಪು ತಾನೇ ತೊಳೆದುಹೋಗುತ್ತದೆ. ಮೊದಲ ಮಳೆಯ ಧೂಳಿನ ನೀರು ಮಾತ್ರ ಹೊರಗೇ ಹೋಗಲಿ.

ಗಿಡ: ತಾವರೆಯ ಎಲೆ ನೀರಿನಿಂದ ಮೇಲೇಳುತ್ತದೆ, ಸೀಳುಳ್ಳ ನೈದಿಲೆಯ ಎಲೆ ನೀರ ಮೇಲೆ ಮಲಗುತ್ತದೆ. ಸಣ್ಣ ಕೊಳಕ್ಕೆ ನೈದಿಲೆಯೇ ಸಾಕು, ತಾವರೆಯ ಗೆಡ್ಡೆ ಬಿಟ್ಟರೆ ಕೊಳವನ್ನೆಲ್ಲ ಆಕ್ರಮಿಸುತ್ತದೆ. ಎಲೆಗಳು ಅರ್ಧದಷ್ಟು ನೀರು ಮುಚ್ಚಿದರೆ ಪಾಚಿಯೂ ಕಡಿಮೆ, ಆರುವುದೂ ಕಡಿಮೆ. ಅಂತರಗಂಗೆಯನ್ನು ಕಿತ್ತರೆ ಒಣಗಿಸಿ ಗೊಬ್ಬರ ಮಾಡಬೇಕು, ಕೆರೆಗೆ ಎಸೆಯಬಾರದು.

ಸೊಳ್ಳೆ: ನಿಂತ ನೀರಲ್ಲಿ ಮೊಟ್ಟೆ ಸೊಳ್ಳೆಯಾಗಲು ಬೇಸಿಗೆಯಲ್ಲಿ ಎಂಟು ಹತ್ತು ದಿನ ಸಾಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿಲ್ಲದ ಗೋಡೆಗಂಟಿ ತಿಂಗಳುಗಟ್ಟಲೆ ಬದುಕುವುದರಿಂದ, ಕೊಳ ಬರಿದು ಮಾಡಿದಷ್ಟಕ್ಕೆ ಸಾಲದು, ಗೋಡೆ ಉಜ್ಜಬೇಕು. ಮರಿಗಳನ್ನು ತಿನ್ನಲು ಗಪ್ಪಿ, ಗಂಬೂಸಿಯಾ ಮೀನು ಬಿಡುವ ಪದ್ಧತಿ ಹಳೆಯದು. ಗಂಬೂಸಿಯಾ ಹೊರನಾಡಿನ ಮೀನು, ಕೆರೆ ಸೇರಿದರೆ ಸ್ಥಳೀಯ ಮೀನಿನ ಮೊಟ್ಟೆ, ಮರಿಗಳನ್ನೂ ನುಂಗುತ್ತದೆ. ಆದ್ದರಿಂದ ಕೊಳದ ಹೊರಹರಿವಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟುವುದು ಕಡ್ಡಾಯ.

ವರ್ಷಕ್ಕೊಮ್ಮೆ, ಮೃಗಶಿರ ಮಳೆ ಬೀಳುವ ಮುನ್ನ, ಮೀನನ್ನು ಬುಟ್ಟಿಗೆತ್ತಿ ತಳದ ಕೆಸರು ತೆಗೆಯುತ್ತಾರೆ. ಪೂರ್ತಿ ಬಳಿದರೆ ನೀರು ತಿಳಿಯಾಗಿಡುವ ಸೂಕ್ಷ್ಮಜೀವಿಗಳೂ ಹೋಗುತ್ತವೆ. ಒಂದಿಷ್ಟು ಉಳಿಸಿ, ಮಿಕ್ಕದ್ದನ್ನು ಹಿತ್ತಲ ಬಾಳೆಯ ಬುಡಕ್ಕೆ ಹಾಕುತ್ತಾರೆ.