ಬೆಳ್ಳಿತೆರೆಯಲ್ಲಿ ಉಳಿದ ಒಂದು ಕಛೇರಿ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ದಾಟಿ ಬರುವ ಕಪಿಲೆ, ತಿ. ನರಸೀಪುರದ ಬಳಿ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಇಲ್ಲಿಯೇ ಸೇರುತ್ತದೆ ಎಂಬುದು ಜನರ ನಂಬಿಕೆ. ಹೀಗೆ ಮೂರು ಕೂಡುವ ಜಾಗವಾದ್ದರಿಂದ ಅದು ತಿರುಮಕೂಡಲು. ಪಿಟೀಲು ವಿದ್ವಾನ್ ಟಿ. ಚೌಡಯ್ಯನವರ ಹೆಸರಿನ ಹಿಂದಿರುವ ‘ಟಿ’ ಅಕ್ಷರ ಈ ಊರಿನದು. ಅವರು ಹುಟ್ಟಿದ್ದು ಇಲ್ಲಿ, 1895ರಲ್ಲಿ. ಮುಂದೆ ತಾವೇ ಕೃತಿಗಳನ್ನು ರಚಿಸಿದಾಗ ಅವರು ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ಊರು ಬಿಟ್ಟರೂ ಊರಿನ ಹೆಸರನ್ನು ಅವರು ಬಿಡಲಿಲ್ಲ.

ಚೌಡಯ್ಯನವರ ಹೆಸರು ಇಂದಿನ ಕನ್ನಡಿಗರಿಗೆ ಪರಿಚಿತವಾಗಿರುವುದು ಮುಖ್ಯವಾಗಿ ಬೆಂಗಳೂರಿನ ಸಭಾಂಗಣದಿಂದ. 1980ರಲ್ಲಿ ಆರಂಭವಾದ, ಪಿಟೀಲಿನ ಆಕಾರದ ಆ ಕಟ್ಟಡವನ್ನು ನೋಡದವರು ಕಡಿಮೆ. ಆದರೆ ಅವರ ಪಿಟೀಲನ್ನು ಎದುರಿಗೆ ಕುಳಿತು ಕೇಳಿದವರ ತಲೆಮಾರು ಬಹುಮಟ್ಟಿಗೆ ಕಣ್ಮರೆಯಾಗಿದೆ. ಅವರು ತೀರಿಕೊಂಡದ್ದು 1967ರ ಜನವರಿಯಲ್ಲಿ. ಉಳಿದವರ ಪಾಲಿಗೆ ದೊರೆಯುವುದು ಗ್ರಾಮೊಫೋನ್ ತಟ್ಟೆಗಳು, ಆಕಾಶವಾಣಿಯ ಹಾಗೂ ಖಾಸಗಿ ಸಂಗ್ರಹಗಳ ಧ್ವನಿಸುರುಳಿಗಳು ಮಾತ್ರ. ಇವೆಲ್ಲ ಕೇಳುವುದಕ್ಕೆ. ನೋಡುವುದಕ್ಕೆ?

ಅದಕ್ಕೆ ಉತ್ತರ ಒಂದು ಕನ್ನಡ ಚಲನಚಿತ್ರದಲ್ಲಿದೆ. 1943ರಲ್ಲಿ ತೆರೆಗೆ ಬಂದ ‘ವಾಣಿ’ಯ ನಿರ್ದೇಶಕರು ರಂಗಭೂಮಿಯ ಪ್ರಸಿದ್ಧ ನಟ ಕೆ. ಹಿರಣ್ಣಯ್ಯನವರು. ಪಂಢರೀಬಾಯಿಯವರು ಚಿತ್ರರಂಗಕ್ಕೆ ಕಾಲಿಟ್ಟದ್ದು ಈ ಚಿತ್ರದಿಂದಲೇ. ಚೌಡಯ್ಯನವರು ಇದರಲ್ಲಿ ನಟಿಸಿದರು. ಅಷ್ಟೇ ಆಗಿದ್ದರೆ ‘ವಾಣಿ’ ಚಿತ್ರಪಟ್ಟಿಯ ಒಂದು ಹೆಸರಾಗಿ ಉಳಿಯುತ್ತಿತ್ತೇನೋ. ಆದರೆ ಚಿತ್ರದ ನಡುವೆ ಒಂದು ಸಂಗೀತ ಕಛೇರಿಯಿದೆ. ಹಾಡುವವರು ಚೆಂಬೈ ವೈದ್ಯನಾಥ ಭಾಗವತರು, ಪಿಟೀಲು ಚೌಡಯ್ಯನವರು, ಮೃದಂಗ ಪಾಲ್ಘಾಟ್ ಮಣಿ ಅಯ್ಯರ್. ದಕ್ಷಿಣ ಭಾರತದ ಸಭೆಗಳಲ್ಲಿ ಜನ ಕಿಕ್ಕಿರಿದು ಬಂದು ಕೇಳುತ್ತಿದ್ದ ತ್ರಿಮೂರ್ತಿಗಳ ಕೂಟವಿದು. ಮದರಾಸಿನ ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಬಿರುದು ಮೂವರಿಗೂ ಸಂದಿತು: ಚೆಂಬೈಯವರಿಗೆ 1951ರಲ್ಲಿ, ಚೌಡಯ್ಯನವರಿಗೆ 1957ರಲ್ಲಿ, ಮಣಿ ಅಯ್ಯರ್‌ಗೆ 1966ರಲ್ಲಿ. ‘ವಾಣಿ’ಯಲ್ಲಿ ಕಾಣುವ ಚೌಡಯ್ಯನವರಿಗೆ ಆಗ ನಲವತ್ತೆಂಟರ ವಯಸ್ಸು. ಮಣಿ ಅಯ್ಯರ್ ಇನ್ನೂ ಮೂವತ್ತರ ಆಸುಪಾಸಿನ ತರುಣ.

ಈ ತುಣುಕು ಉಳಿದುಬಂದಿರುವುದೇ ಒಂದು ಭಾಗ್ಯ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಪ್ರತಿಯೇ ಇಲ್ಲದಂತೆ ಹಾಳಾಗಿಹೋಯಿತು. ಆ ಕಾಲದ ಫಿಲ್ಮಿನ ನೈಟ್ರೇಟ್ ಪದಾರ್ಥ ಬಲು ಬೇಗ ಬೆಂಕಿ ಹಿಡಿಯುವಂಥದು, ತಾನಾಗಿಯೇ ಕೊಳೆಯುವಂಥದು. ಸಾಲದ್ದಕ್ಕೆ ‘ವಾಣಿ’ ತಯಾರಾದದ್ದು ಎರಡನೆಯ ಮಹಾಯುದ್ಧದ ನಡುವೆ. ಕಚ್ಚಾ ಫಿಲ್ಮಿಗೆ ಸರಕಾರದ ನಿಯಂತ್ರಣವಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಶಾಸ್ತ್ರೀಯ ಸಂಗೀತಕ್ಕಾಗಿ ಫಿಲ್ಮು ಖರ್ಚು ಮಾಡಿದ್ದು ಸಣ್ಣ ಮಾತಲ್ಲ.

ತಟ್ಟೆಗೂ ತೆರೆಗೂ ಇರುವ ಅಂತರ

ಆ ಕಾಲದ ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರರಿಂದ ಮೂರೂವರೆ ನಿಮಿಷಗಳ ಸಂಗೀತ. ವಿಸ್ತಾರವಾಗಿ ರಾಗಾಲಾಪನೆ ಮಾಡುವ ವಿದ್ವಾಂಸರು ಗಡಿಯಾರ ನೋಡಿಕೊಂಡು ಹಾಡಬೇಕಾಗಿತ್ತು. ಸಿನಿಮಾದ ಸಾವಿರ ಅಡಿಯ ಒಂದು ಸುರುಳಿಯಾದರೋ ಸುಮಾರು ಹನ್ನೊಂದು ನಿಮಿಷ ಓಡುತ್ತದೆ. ಅದಕ್ಕಿಂತ ಮುಖ್ಯವಾದದ್ದೆಂದರೆ, ಪಕ್ಕವಾದ್ಯ ಎಂಬುದು ಕಿವಿಯಷ್ಟೇ ಕಣ್ಣಿಗೂ ಸಂಬಂಧಿಸಿದ್ದು. ಗಾಯಕ ಮುಂದೆ ಎತ್ತ ತಿರುಗುವನೆಂದು ಪಿಟೀಲುವಾದಕ ಊಹಿಸಬೇಕು, ಮೃದಂಗದವನು ಇಬ್ಬರ ಮುಖವನ್ನೂ ಗಮನಿಸಬೇಕು. ಈ ಮೌನ ಸಂಭಾಷಣೆಯನ್ನು ತಟ್ಟೆ ಹಿಡಿದಿಡಲಾರದು.

ಇಂಥ ಚಿತ್ರಗಳ ಬೆಲೆಯನ್ನು ಹೊರದೇಶಗಳ ರಸಿಕರೂ ಬಲ್ಲರು. ಅಮೆರಿಕದ ನ್ಯೂಪೋರ್ಟ್‌ನಲ್ಲಿ 1958ರಲ್ಲಿ ನಡೆದ ಜಾಝ್ ಉತ್ಸವವನ್ನು ಬರ್ಟ್ ಸ್ಟರ್ನ್ ಎಂಬ ಛಾಯಾಗ್ರಾಹಕ ಚಿತ್ರೀಕರಿಸಿದ. ಲೂಯಿ ಆರ್ಮ್‌ಸ್ಟ್ರಾಂಗ್, ಮಹಾಲಿಯಾ ಜಾಕ್ಸನ್ ಮೊದಲಾದವರು ಹಾಡಿ ನುಡಿಸಿದ ಆ ಚಿತ್ರ ಮುಂದೆ ವಿಡಿಯೊ ರೂಪದಲ್ಲಿ ಮನೆಮನೆಗೆ ಬಂದಾಗ, ಆ ಉತ್ಸವದ ಹೊತ್ತಿಗೆ ಹುಟ್ಟಿರದವರೂ ಅದನ್ನು ಮತ್ತೆ ಮತ್ತೆ ನೋಡಿ ಚರ್ಚಿಸಿದರು. ಒಂದು ವ್ಯತ್ಯಾಸವಿದೆ. ನ್ಯೂಪೋರ್ಟ್‌ನಲ್ಲಿ ಉತ್ಸವ ನಡೆಯುತ್ತಿದ್ದಲ್ಲಿಗೆ ಕ್ಯಾಮೆರಾ ಹೋಯಿತು. ‘ವಾಣಿ’ಯಲ್ಲಿ ಕ್ಯಾಮೆರಾದ ಸಲುವಾಗಿ ಕಛೇರಿ ಏರ್ಪಟ್ಟಿತು. ಆದ್ದರಿಂದ ಇದನ್ನು ನಿಜವಾದ ಕಛೇರಿ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೂಟ ಕೃತಕವಲ್ಲ. ವರ್ಷಗಟ್ಟಲೆ ಒಂದೇ ವೇದಿಕೆ ಹಂಚಿಕೊಂಡ ಕಲಾವಿದರು ಇವರು; ಪಾತ್ರಕ್ಕಾಗಿ ಕೂಡಿಸಿ ತಂದವರಲ್ಲ.

ಮೂರು ಹೆಚ್ಚಿನ ತಂತಿಗಳು

ರಸಿಕರ ನಡುವೆ ಹೆಚ್ಚು ವಾದಕ್ಕೆ ಕಾರಣವಾಗಿರುವುದು ಚೌಡಯ್ಯನವರ ವಾದ್ಯವೇ. ಸಾಮಾನ್ಯ ಪಿಟೀಲಿಗೆ ನಾಲ್ಕು ತಂತಿ. ಚೌಡಯ್ಯನವರದಕ್ಕೆ ಏಳು. 1910ರಿಂದ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಕಠಿಣ ಗುರುಕುಲವಾಸ ಮಾಡಿದ ಅವರು, 1920ರ ದಶಕದ ಹೊತ್ತಿಗೆ ಬೇಡಿಕೆಯ ಪಿಟೀಲುವಾದಕರಾಗಿದ್ದರು. ಆಗ ಸಭೆಗಳಲ್ಲಿ ಧ್ವನಿವರ್ಧಕ ಇರಲಿಲ್ಲ. ಚೆಂಬೈಯವರಂಥ ಕಂಚಿನ ಶಾರೀರದವರ ಜೊತೆ ನುಡಿಸುವಾಗ ಹಿಂದಿನ ಸಾಲಿನವರಿಗೆ ಗಾಯನ ಕೇಳುತ್ತಿತ್ತು, ಪಿಟೀಲು ಕೇಳುತ್ತಿರಲಿಲ್ಲ. ದುಡ್ಡು ಕೊಟ್ಟು ಬಂದವನಿಗೆ ಇದು ನಷ್ಟ, ವಾದಕನಿಗೆ ಅವಮಾನ.

ಚೌಡಯ್ಯನವರು ಕಂಡುಕೊಂಡ ಉಪಾಯ ಸರಳ, ಸಾಧನೆ ಮಾತ್ರ ಕಷ್ಟ. ಮೂಲ ತಂತಿಗಳಿಗೆ ಜೋಡಿಯಾಗಿ ಮೂರು ತಂತಿಗಳನ್ನು ಸೇರಿಸಿ, ಒಂದು ಸ್ಥಾಯಿಯ ಅಂತರದಲ್ಲಿ ಶ್ರುತಿ ಮಾಡಿದರು. ಕಮಾನು ಎಳೆದಾಗ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಮೊಳಗಿ ನಾದ ತುಂಬಿಕೊಳ್ಳುತ್ತದೆ. ಆದರೆ ಎರಡು ತಂತಿಗಳನ್ನು ಒಂದೇ ಬೆರಳಿನಡಿ ಒತ್ತಬೇಕು, ಎರಡರ ಮೇಲೂ ಗಮಕ ಸಮನಾಗಿ ಜಾರಬೇಕು. ಕೂದಲೆಳೆಯಷ್ಟು ತಪ್ಪಿದರೂ ಅಪಶ್ರುತಿ ಎದ್ದು ಕಾಣುತ್ತದೆ. ನಾದ ದೊಡ್ಡದಾಯಿತು, ನವಿರು ಕಡಿಮೆಯಾಯಿತು ಎಂದು ಕೆಲವರು. ಸಭೆಯ ಕೊನೆಯ ಮನುಷ್ಯನಿಗೂ ನ್ಯಾಯ ಸಿಕ್ಕಿತು ಎಂದು ಇನ್ನು ಕೆಲವರು. ಈ ವಾದ ಅವರ ಕಾಲದಲ್ಲೇ ಇತ್ತು, ಈಗಲೂ ಮುಗಿದಿಲ್ಲ.

‘ವಾಣಿ’ಯ ತುಣುಕು ಈ ವಾದವನ್ನು ತೀರ್ಮಾನಿಸಬಲ್ಲುದೇ? ಇಲ್ಲ. ಅದಕ್ಕೆ ಕಾರಣ ಧ್ವನಿಮುದ್ರಣದ ಸ್ವಭಾವದಲ್ಲೇ ಇದೆ. ಆ ಕಾಲದ ಚಿತ್ರಗಳಲ್ಲಿ ಧ್ವನಿಯನ್ನು ಬೆಳಕಿನ ಏರಿಳಿತವಾಗಿ ಮಾರ್ಪಡಿಸಿ ಫಿಲ್ಮಿನ ಅಂಚಿನಲ್ಲಿ ಅಚ್ಚು ಮಾಡುತ್ತಿದ್ದರು. ಅತಿ ತಾರದ ಸೂಕ್ಷ್ಮ ಸ್ವನಗಳು ಅದರಲ್ಲಿ ನಿಲ್ಲುತ್ತಿರಲಿಲ್ಲ. ಪಿಟೀಲಿನ ಹೊಳಪು ಇರುವುದು ಅಲ್ಲಿಯೇ. ಇನ್ನು, ಒಂದು ವಾದ್ಯ ಎಷ್ಟು ದೂರ ಕೇಳುತ್ತದೆ ಎಂಬುದನ್ನು ಮೈಕು ಹೇಳಲಾರದು. ಮೈಕಿನ ಮುಂದೆ ನಾಲ್ಕು ತಂತಿಯೂ ಒಂದೇ, ಏಳು ತಂತಿಯೂ ಒಂದೇ. ತಗ್ಗಿದ್ದನ್ನು ಏರಿಸುವುದು, ಏರಿದ್ದನ್ನು ತಗ್ಗಿಸುವುದು ಅದರ ಕೆಲಸ.

ಇಲ್ಲೊಂದು ವಿಚಿತ್ರವಿದೆ. ಚೌಡಯ್ಯನವರ ವಾದನವನ್ನು ನಮಗಾಗಿ ಉಳಿಸಿದ್ದು ಮೈಕು. ಅವರ ಏಳು ತಂತಿಗಳ ಅಗತ್ಯವನ್ನು ಇಲ್ಲವಾಗಿಸಿದ್ದೂ ಅದೇ ಮೈಕು. ಸಭೆಗಳಲ್ಲಿ ಧ್ವನಿವರ್ಧಕ ಬೇರೂರಿದ ಮೇಲೆ ಯಾವ ಪಿಟೀಲುವಾದಕನೂ ಹಿಂದಿನ ಸಾಲಿಗಾಗಿ ಬೆವರು ಸುರಿಸಬೇಕಾಗಿ ಬರಲಿಲ್ಲ. ಚೌಡಯ್ಯನವರ ಶಿಷ್ಯಪರಂಪರೆ ಬೆಳೆಯಿತು, ಏಳು ತಂತಿಯ ಪಿಟೀಲು ಮಾತ್ರ ರೂಢಿಯಾಗಲಿಲ್ಲ. ಅದೇ ತುಣುಕಿನಲ್ಲಿ ಪಕ್ಕದಲ್ಲಿ ಕುಳಿತಿರುವ ಮಣಿ ಅಯ್ಯರ್ ಮುಂದೆ ಮೈಕಿನ ಕಟ್ಟಾ ವಿರೋಧಿಯಾದರು. ಧ್ವನಿವರ್ಧಕ ಕಲಾವಿದನ ನಾದವನ್ನು ಕೆಡಿಸುತ್ತದೆ ಎಂದು ವಾದಿಸಿ, ಮೈಕಿಲ್ಲದ ಕಛೇರಿಗಳಿಗಾಗಿ ಪಟ್ಟು ಹಿಡಿದರು. ಸಮಸ್ಯೆಗೆ ಒಬ್ಬರು ತಂತಿಯಲ್ಲಿ ಪರಿಹಾರ ಹುಡುಕಿದರು, ಇನ್ನೊಬ್ಬರು ಯಂತ್ರದ ಪರಿಹಾರವನ್ನೇ ಒಲ್ಲೆನೆಂದರು. ಕೇಳುಗನ ಕಿವಿಗೆ ಕಲಾವಿದನ ಕೈಯ ನಾದವೇ ತಲುಪಬೇಕು ಎಂಬ ಹಟ ಇಬ್ಬರದೂ ಒಂದೇ.

ಹಳೆಯ ಕಛೇರಿಯ ಚಿತ್ರವನ್ನು ನೋಡುವಾಗ ಈ ಮಿತಿಯನ್ನು ಮರೆಯಬಾರದು. ಚೌಡಯ್ಯನವರ ಬೆರಳು, ಕಮಾನು, ಜೊತೆಗಾರರ ಒಡನಾಟ ಇವೆಲ್ಲ ಅದರಲ್ಲಿವೆ. ಮೈಕಿಲ್ಲದ ಸಭೆಯ ಕೊನೆಯ ಸಾಲು ಅದರಲ್ಲಿಲ್ಲ. ತಿರುಮಕೂಡಲಿನ ಮಗ ಮೂರು ತಂತಿಗಳನ್ನು ಹೆಚ್ಚಿಗೆ ಕಟ್ಟಿದ್ದು ಆ ಸಾಲಿನಲ್ಲಿ ಕುಳಿತವನಿಗಾಗಿ.